ಕಟ್ಟಿದ್ದೋ, ತಿದ್ದಿದ್ದೋ, ನಕಲಿಯೋ: ‘ಫ್ಯಾಬ್ರಿಕೇಟ್’ ಮತ್ತು ಅದರ ನೆರೆಹೊರೆಯ ಇಂಗ್ಲಿಷ್ ಕ್ರಿಯಾಪದಗಳಲ್ಲಿ ಸರಿಯಾದದ್ದನ್ನು ಆರಿಸುವುದು

ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯ ಆಂತರಿಕ ವಿಚಾರಣಾ ವರದಿಯನ್ನು ಕನ್ನಡದಿಂದ ಇಂಗ್ಲಿಷಿಗೆ ಅನುವಾದಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ವರದಿಯ ಮುಖ್ಯ ವಾಕ್ಯ ಹೀಗಿತ್ತು: ‘ಸದರಿ ನೌಕರರು ಸುಳ್ಳು ರಸೀದಿಗಳನ್ನು ಸೃಷ್ಟಿಸಿ ಹಣ ಪಡೆದಿರುತ್ತಾರೆ.’ ‘ಸೃಷ್ಟಿಸಿ’ ಎಂಬಲ್ಲಿಗೆ ಹೆಚ್ಚು ಯೋಚಿಸದೆ ‘ಫ್ಯಾಬ್ರಿಕೇಟ್’ ಎಂಬ ಕ್ರಿಯಾಪದವನ್ನು ಹಾಕಿದೆ. ಕರಡನ್ನು ಓದಿದ ವಕೀಲರು ಆ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆ ಬರೆದು ವಾಪಸು ಕಳುಹಿಸಿದರು: ‘ರಸೀದಿಯೇ ಇರಲಿಲ್ಲವೋ, ಇದ್ದ ರಸೀದಿಯಲ್ಲಿ ಮೊತ್ತ ತಿದ್ದಿದರೋ, ಬೇರೆಯವರ ಹೆಸರಿನ ರಸೀದಿಯನ್ನು ಇವರೇ ಅಚ್ಚು ಹಾಕಿಸಿಕೊಂಡರೋ?’ ಮೂಲ ಕಡತ ತರಿಸಿ ನೋಡಿದೆ. 14 ರಸೀದಿಗಳ ಪೈಕಿ 11 ನಿಜವಾದವೇ. ಅವುಗಳಲ್ಲಿ 1 ಎಂಬ ಅಂಕಿಗೆ ಮೇಲೊಂದು ಗೆರೆ ಎಳೆದು 7 ಮಾಡಲಾಗಿತ್ತು, ಎರಡು ಶಾಯಿಗಳ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತಿತ್ತು. ಉಳಿದ 3 ಮಾತ್ರ ಎಂದೂ ನಡೆಯದ ಖರೀದಿಗೆ, ಎಲ್ಲಿಯೂ ಇಲ್ಲದ ಮಾರಾಟಗಾರನ ಹೆಸರಿನಲ್ಲಿ ಬರೆದವು. ನನ್ನ ಪದ ಆ ಮೂರಕ್ಕೆ ಸರಿಯಾಗಿತ್ತು. ಉಳಿದ ಹನ್ನೊಂದರ ಮಟ್ಟಿಗೆ ಅದು ಆ ವ್ಯಕ್ತಿ ಮಾಡದ ಕೃತ್ಯವನ್ನು ಆತನ ತಲೆಗೆ ಕಟ್ಟುತ್ತಿತ್ತು.

ಅಂದಿನಿಂದ ಈ ಗುಂಪಿನ ಕ್ರಿಯಾಪದಗಳನ್ನು ನಾನು ಸಮಾನಾರ್ಥಕಗಳೆಂದು ನೋಡುವುದನ್ನು ಬಿಟ್ಟಿದ್ದೇನೆ. ಇವುಗಳಲ್ಲಿ ಬಹುಪಾಲು ಪದಗಳು ಒಂದೊಂದು ಆರೋಪ. ಪದ ಬದಲಾದರೆ ಆರೋಪ ಬದಲಾಗುತ್ತದೆ. ಆದ್ದರಿಂದ ಕೈಯಲ್ಲಿರುವ ಪುರಾವೆ ಎಷ್ಟನ್ನು ತೋರಿಸುತ್ತದೆಯೋ ಅಷ್ಟನ್ನೇ ಹೇಳುವ ಪದವನ್ನು ಆರಿಸಬೇಕು.

ಪದಕ್ಕೆ ಮೊದಲು ಪ್ರಶ್ನೆ

ಈ ವಿಷಯದಲ್ಲಿ ಕನ್ನಡಕ್ಕೆ ಪದಗಳ ಬಡತನವಿಲ್ಲ. ಕಥೆ ಕಟ್ಟುವುದು, ನೆಪ ಹೂಡುವುದು, ಸುಳ್ಳು ಹೊಸೆಯುವುದು, ಸಂಚು ಹೆಣೆಯುವುದು, ಸೋಗು ಹಾಕುವುದು, ಬುರುಡೆ ಬಿಡುವುದು, ಲೆಕ್ಕ ತಿದ್ದುವುದು, ಮಾತು ತಿರುಚುವುದು ಇವೆಲ್ಲ ಬೇರೆ ಬೇರೆ ಕೆಲಸಗಳೆಂದು ಮಾತಿನಲ್ಲಿ ಎಲ್ಲರಿಗೂ ಗೊತ್ತು. ಕಡತ, ವರದಿ ಮತ್ತು ಸುದ್ದಿಗಳ ಕನ್ನಡದಲ್ಲಿ ಮಾತ್ರ ಇವುಗಳ ಅಂಚು ಸವೆದು, ಹೆಚ್ಚುಕಡಿಮೆ ಎಲ್ಲವೂ ‘ಸೃಷ್ಟಿಸು’ ಎಂಬ ಒಂದೇ ಪದದೊಳಗೆ ಸೇರಿಹೋಗಿವೆ. ಅಂಥ ಕನ್ನಡವನ್ನು ಎದುರಿಗಿಟ್ಟುಕೊಂಡು ಇಂಗ್ಲಿಷ್ ಬರೆಯುವವರು ಒಂದೋ ‘ಕ್ರಿಯೇಟ್’ ಎಂದು ಬರೆಯುತ್ತಾರೆ, ಇಲ್ಲವೇ ನಾನು ಮಾಡಿದಂತೆ ಎಲ್ಲದಕ್ಕೂ ‘ಫ್ಯಾಬ್ರಿಕೇಟ್’ ಹಚ್ಚುತ್ತಾರೆ. ‘ಕ್ರಿಯೇಟೆಡ್ ಡಾಕ್ಯುಮೆಂಟ್ಸ್’ ಎಂದರೆ ಇಂಗ್ಲಿಷ್ ಓದುಗನಿಗೆ ದಾಖಲೆಗಳನ್ನು ತಯಾರಿಸಿದರು ಎಂಬಷ್ಟೇ ಅರ್ಥ. ಅದರಲ್ಲಿ ತಪ್ಪಿನ ಸುಳಿವೇ ಇಲ್ಲ.

ಪದ ಹುಡುಕುವ ಮೊದಲು ಮೂರು ಸಂಗತಿಗಳನ್ನು ತಿಳಿದುಕೊಳ್ಳುವುದು ನನ್ನ ರೂಢಿ. ಮೊದಲೇ ಏನಾದರೂ ಇತ್ತೇ, ಇಲ್ಲಾ ಶೂನ್ಯದಿಂದ ಕಟ್ಟಿದ್ದೇ ಎಂಬುದು ಮೊದಲನೆಯದು. ಹೀಗೆ ಹುಟ್ಟಿದ ವಸ್ತು ಇನ್ನೊಬ್ಬರ ಕೈಯಿಂದ ಬಂದದ್ದೆಂದು ತೋರಿಸಿಕೊಳ್ಳುತ್ತಿದೆಯೇ ಎಂಬುದು ಎರಡನೆಯದು. ಮಾಡಿದವನಿಗೆ ವಂಚಿಸುವ ಉದ್ದೇಶವಿತ್ತೇ ಎಂಬುದು ಮೂರನೆಯದು, ಮತ್ತು ಸಾಮಾನ್ಯವಾಗಿ ಇದಕ್ಕೆ ಉತ್ತರ ಸಿಗುವುದೇ ಕಷ್ಟ. ಈ ಮೂರಕ್ಕೂ ಉತ್ತರ ಗೊತ್ತಿದ್ದರೆ ಪದಕೋಶದ ನೆರವು ಅಷ್ಟಾಗಿ ಬೇಕಾಗುವುದಿಲ್ಲ.

‘ಫ್ಯಾಬ್ರಿಕೇಟ್’ ಮತ್ತು ‘ಫಾಲ್ಸಿಫೈ’

ಇಡೀ ಗುಂಪಿನಲ್ಲಿ ಅತಿ ಹೆಚ್ಚು ಗೊಂದಲಕ್ಕೆ ಒಳಗಾಗುವ ಜೋಡಿ ಇದೇ. ‘ಫ್ಯಾಬ್ರಿಕೇಟ್’ ಲ್ಯಾಟಿನ್ ಭಾಷೆಯ ‘ಫ್ಯಾಬ್ರಿಕಾ’ ಎಂಬ ಪದದಿಂದ ಬಂದಿದೆ. ಅದರ ಅರ್ಥ ಕುಶಲಕರ್ಮಿಯ ಕಾರ್ಯಾಗಾರ. ಇಂಗ್ಲಿಷಿನಲ್ಲಿ ಬಹುಕಾಲ ಅದಕ್ಕೆ ಬಿಡಿಭಾಗಗಳನ್ನು ಜೋಡಿಸಿ ನಿರ್ಮಿಸುವುದು ಎಂಬ ಅರ್ಥವಷ್ಟೇ ಇತ್ತು, ಮತ್ತು ಆ ಅರ್ಥ ಇಂದಿಗೂ ಜೀವಂತವಾಗಿದೆ. ಉಕ್ಕಿನ ಚೌಕಟ್ಟು ಬೆಸೆಯುವವರ ಕೆಲಸವೂ ಫ್ಯಾಬ್ರಿಕೇಶನ್, ಸಿಲಿಕಾನ್ ಚಿಪ್ ತಯಾರಿಕೆಯೂ ಫ್ಯಾಬ್ರಿಕೇಶನ್. ಎರಡರಲ್ಲೂ ಯಾವ ಕಳಂಕವೂ ಇಲ್ಲ. ಸುಳ್ಳು ಕಟ್ಟುವುದು ಎಂಬ ಅರ್ಥ 18ನೇ ಶತಮಾನದ ಹೊತ್ತಿಗೆ ನೆಲೆಯೂರಿತು. ಆದರೂ ಹಳೆಯ ಅರ್ಥದ ಜಾಡು ಹೊಸದರಲ್ಲಿ ಉಳಿದಿದೆ: ಇಲ್ಲದ್ದನ್ನು ಬುಡದಿಂದ, ತುಂಡು ತುಂಡಾಗಿ, ನೋಡಿದವರು ನಂಬುವಂತೆ ನಿಲ್ಲಿಸುವುದು. ಆದ್ದರಿಂದಲೇ ಅದು ಸಾಕ್ಷ್ಯ, ದತ್ತಾಂಶ, ಸಂದರ್ಶನ, ಆರೋಪ ಮುಂತಾದ ಕಟ್ಟಡದಂಥ ವಸ್ತುಗಳ ಜೊತೆ ಚೆನ್ನಾಗಿ ಹೊಂದುತ್ತದೆ. ಬಾಯಿಗೆ ಬಂದ ಸಣ್ಣ ಸುಳ್ಳಿಗೆ ಅದನ್ನು ಬಳಸಿದರೆ ಪದ ದೊಡ್ಡದಾಗುತ್ತದೆ.

‘ಫಾಲ್ಸಿಫೈ’ ಎಂಬುದಕ್ಕೆ ಮೊದಲೇ ಏನೋ ಒಂದು ಇರಬೇಕು. ಇದ್ದ ದಾಖಲೆಯನ್ನೋ ಅಂಕಿಅಂಶವನ್ನೋ ತಿದ್ದಿ, ಕೆಲವನ್ನು ಬಿಟ್ಟು, ಕೆಲವನ್ನು ಸೇರಿಸಿ, ಅದು ನಿಜ ಹೇಳದಂತೆ ಮಾಡುವುದು ಇದರ ತಿರುಳು. ಈ ಗೆರೆಯನ್ನು ಅತ್ಯಂತ ಸ್ಪಷ್ಟವಾಗಿ ಎಳೆದಿರುವವರು ವಿಜ್ಞಾನ ಕ್ಷೇತ್ರದವರು. ಸಂಶೋಧನಾ ದುರ್ನಡತೆಯ ಬಗ್ಗೆ ಅಮೆರಿಕದ ಕೇಂದ್ರ ಸರ್ಕಾರ 2000ನೇ ಇಸವಿಯಲ್ಲಿ ಪ್ರಕಟಿಸಿದ ನೀತಿಯು ಮೂರು ತಪ್ಪುಗಳನ್ನು ಹೆಸರಿಸುತ್ತದೆ. ಇಲ್ಲದ ದತ್ತಾಂಶವನ್ನು ಇದೆಯೆಂದು ದಾಖಲಿಸುವುದು ಅಥವಾ ವರದಿ ಮಾಡುವುದು ಫ್ಯಾಬ್ರಿಕೇಶನ್. ಪರಿಕರ, ಪ್ರಕ್ರಿಯೆ ಅಥವಾ ದತ್ತಾಂಶದಲ್ಲಿ ಕೈಯಾಡಿಸಿ, ಬದಲಿಸಿ ಅಥವಾ ಬಿಟ್ಟುಬಿಟ್ಟು, ನಡೆದದ್ದು ಸರಿಯಾಗಿ ಬಿಂಬಿತವಾಗದಂತೆ ಮಾಡುವುದು ಫಾಲ್ಸಿಫಿಕೇಶನ್. ಬೇರೆಯವರದ್ದನ್ನು ತನ್ನದೆಂದು ತೋರಿಸಿಕೊಳ್ಳುವುದು ಪ್ಲೇಜಿಯರಿಸಂ. ನೂರು ಜನರನ್ನು ಮಾತನಾಡಿಸಿ, ತನಗೆ ಒಗ್ಗದ ಹತ್ತು ಉತ್ತರಗಳನ್ನು ಕಾರಣ ಹೇಳದೆ ಕೈಬಿಟ್ಟ ಸಂಶೋಧಕ ಫಾಲ್ಸಿಫೈ ಮಾಡಿದ್ದಾನೆ. ಯಾರನ್ನೂ ಮಾತನಾಡಿಸದೆ ಮೇಜಿನ ಮುಂದೆ ಕುಳಿತು ನೂರು ಜನರ ಉತ್ತರಗಳನ್ನು ತುಂಬಿದವನು ಫ್ಯಾಬ್ರಿಕೇಟ್ ಮಾಡಿದ್ದಾನೆ. ನೆದರ್ಲೆಂಡ್ಸಿನ ಟಿಲ್ಬರ್ಗ್ ವಿಶ್ವವಿದ್ಯಾಲಯದ ಸಾಮಾಜಿಕ ಮನೋವಿಜ್ಞಾನಿ ಡೀಡೆರಿಕ್ ಸ್ಟಾಪೆಲ್ ಪ್ರಕರಣ 2011ರಲ್ಲಿ ಬಯಲಾದಾಗ ಎಲ್ಲರೂ ‘ಫ್ಯಾಬ್ರಿಕೇಟ್’ ಎಂಬ ಪದವನ್ನೇ ಮುಂದಿಟ್ಟದ್ದು ಇದೇ ಕಾರಣಕ್ಕೆ: ಆತ ನಡೆಸಿರದ ಸಮೀಕ್ಷೆಗಳ ಉತ್ತರಗಳನ್ನು ತಾನೇ ಬರೆದಿದ್ದ. ಮುಂದೆ ಆತನ 50ಕ್ಕೂ ಹೆಚ್ಚು ಪ್ರಬಂಧಗಳನ್ನು ಹಿಂತೆಗೆದುಕೊಳ್ಳಲಾಯಿತು.

‘ಫಾಲ್ಸಿಫೈ’ ಬಳಸುವಾಗ ಇನ್ನೊಂದು ಎಚ್ಚರ ಅಗತ್ಯ. ತತ್ತ್ವಶಾಸ್ತ್ರದಲ್ಲಿ ಮತ್ತು ವಿಜ್ಞಾನದ ವಿಧಾನವನ್ನು ಚರ್ಚಿಸುವ ಬರಹಗಳಲ್ಲಿ ಇದೇ ಕ್ರಿಯಾಪದಕ್ಕೆ ‘ಸುಳ್ಳೆಂದು ತೋರಿಸು’ ಎಂಬ, ಪೂರ್ತಿ ಗೌರವದ ಅರ್ಥವಿದೆ. ಕಾರ್ಲ್ ಪಾಪರ್ 1934ರಲ್ಲಿ ಜರ್ಮನ್ ಭಾಷೆಯಲ್ಲಿ ಮಂಡಿಸಿ, 1959ರ ಇಂಗ್ಲಿಷ್ ಅನುವಾದದ ಮೂಲಕ ವ್ಯಾಪಕವಾಗಿ ಹರಡಿದ ವಾದವೇ ಅದು: ಒಂದು ಸಿದ್ಧಾಂತ ವೈಜ್ಞಾನಿಕ ಎನಿಸಿಕೊಳ್ಳಬೇಕಾದರೆ ಅದನ್ನು ಸುಳ್ಳೆಂದು ತೋರಿಸಲು ತಾತ್ತ್ವಿಕವಾಗಿಯಾದರೂ ದಾರಿ ಇರಬೇಕು. ಆದ್ದರಿಂದ ‘ಆ ಪ್ರಯೋಗ ಸಿದ್ಧಾಂತವನ್ನು ಫಾಲ್ಸಿಫೈ ಮಾಡಿತು’ ಎಂದರೆ ಪ್ರಯೋಗಕ್ಕೆ ಮೆಚ್ಚುಗೆ. ‘ಆ ವಿಜ್ಞಾನಿ ಪ್ರಯೋಗವನ್ನು ಫಾಲ್ಸಿಫೈ ಮಾಡಿದ’ ಎಂದರೆ ವಿಜ್ಞಾನಿಯ ಮೇಲೆ ಅಪವಾದ. ಕರ್ಮಪದ ಸಿದ್ಧಾಂತವೋ ದಾಖಲೆಯೋ ಎಂಬುದರಿಂದಲೇ ಅರ್ಥ ನಿರ್ಧಾರವಾಗುತ್ತದೆ.

‘ಫೋರ್ಜ್’, ‘ಕೌಂಟರ್‌ಫಿಟ್’, ‘ಫೇಕ್’

‘ಫೋರ್ಜ್’ ಎಂಬುದೂ ಅದೇ ‘ಫ್ಯಾಬ್ರಿಕಾ’ದ ಮಗಳು, ಹಳೆಯ ಫ್ರೆಂಚಿನ ಮೂಲಕ ಸುತ್ತಿ ಬಂದದ್ದರಿಂದ ರೂಪ ಬದಲಾಗಿದೆ. ಕಮ್ಮಾರನ ಕುಲುಮೆ, ಅಲ್ಲಿ ಕಬ್ಬಿಣವನ್ನು ಕಾಯಿಸಿ ಬಡಿದು ರೂಪ ಕೊಡುವ ಕೆಲಸ, ಎರಡಕ್ಕೂ ಇದೇ ಹೆಸರು. ಸ್ನೇಹ, ಒಪ್ಪಂದ, ಮೈತ್ರಿ ಎಂಬ ಕರ್ಮಪದಗಳ ಜೊತೆ ಬಂದಾಗ ಇದು ಶ್ರಮಪಟ್ಟು ಬೆಸೆದದ್ದನ್ನು ಹೊಗಳುತ್ತದೆ. ಸಹಿ, ಉಯಿಲು, ಪಾಸ್‌ಪೋರ್ಟ್, ಚಿತ್ರಕಲಾಕೃತಿ ಎಂಬವುಗಳ ಜೊತೆ ಬಂದಾಗ ಅಪರಾಧವನ್ನು ಹೇಳುತ್ತದೆ. ಕನ್ನಡದ ‘ಖೋಟಾ’ ಎಂಬ ಪದ ಈ ಎರಡನೆಯ ಅರ್ಥಕ್ಕೆ ಹತ್ತಿರ.

ಫ್ಯಾಬ್ರಿಕೇಟ್‌ಗೂ ಫೋರ್ಜ್‌ಗೂ ಇರುವ ವ್ಯತ್ಯಾಸವನ್ನು ಹಿಡಿಯಲು ಇಂಗ್ಲೆಂಡಿನ ಕಾನೂನು ಪರಂಪರೆಯ ಒಂದು ತತ್ತ್ವ ನನಗೆ ಬಹಳ ನೆರವಾಗಿದೆ. ಅದರ ಪ್ರಕಾರ ಸುಳ್ಳು ಹೇಳುವ ದಾಖಲೆ ಬೇರೆ, ತನ್ನ ಬಗ್ಗೆಯೇ ಸುಳ್ಳು ಹೇಳುವ ದಾಖಲೆ ಬೇರೆ. ಫೋರ್ಜರಿ ಎನಿಸಿಕೊಳ್ಳುವುದು ಎರಡನೆಯದು. ಒಬ್ಬ ಮೇಲಧಿಕಾರಿ ಎರಡು ವರ್ಷ ಕೆಲಸ ಮಾಡಿದವನಿಗೆ ಐದು ವರ್ಷ ಮಾಡಿದ್ದಾನೆಂದು ತನ್ನದೇ ಸಹಿಯ ಅನುಭವ ಪತ್ರ ಕೊಡುತ್ತಾನೆ ಎನ್ನಿ. ಪತ್ರದ ಒಳಗಿನ ಮಾತು ಸುಳ್ಳು, ಆದರೆ ಪತ್ರ ಯಾರಿಂದ ಬಂದದ್ದೆಂದು ಹೇಳಿಕೊಳ್ಳುತ್ತದೆಯೋ ಅವರಿಂದಲೇ ಬಂದಿದೆ. ಅದು ಫೋರ್ಜ್ ಆದದ್ದಲ್ಲ. ಈಗ ಅದೇ ನೌಕರ, ಮೇಲಧಿಕಾರಿಗೆ ತಿಳಿಯದಂತೆ, ತಾನು ಎರಡು ವರ್ಷ ಕೆಲಸ ಮಾಡಿದ್ದೇನೆ ಎಂಬ ಸಂಪೂರ್ಣ ನಿಜವನ್ನೇ ಬರೆದು ಕೆಳಗೆ ಮೇಲಧಿಕಾರಿಯ ಸಹಿಯನ್ನು ತಾನೇ ಹಾಕುತ್ತಾನೆ. ಪತ್ರದ ಪ್ರತಿಯೊಂದು ಸಾಲೂ ನಿಜವಾಗಿದ್ದರೂ ಅದನ್ನು ಫೋರ್ಜ್ ಮಾಡಲಾಗಿದೆ. ಒಳಗಿನ ಮಾತು ಕಲ್ಪಿತವಾದರೆ ‘ಫ್ಯಾಬ್ರಿಕೇಟ್’, ಬರೆದ ಕೈ ಯಾರದ್ದೆಂಬುದು ಸುಳ್ಳಾದರೆ ‘ಫೋರ್ಜ್’ ಎಂದು ನೆನಪಿಟ್ಟುಕೊಂಡರೆ ಹತ್ತರಲ್ಲಿ ಒಂಬತ್ತು ಸಂದರ್ಭಗಳಲ್ಲಿ ಕೈ ತಪ್ಪುವುದಿಲ್ಲ.

ಎರಡೂ ಒಟ್ಟಿಗೆ ನಡೆಯುವುದೂ ಉಂಟು. ಪಶ್ಚಿಮ ಜರ್ಮನಿಯ ‘ಸ್ಟೆರ್ನ್’ ಪತ್ರಿಕೆ 1983ರಲ್ಲಿ ಹಿಟ್ಲರನ ದಿನಚರಿಗಳೆಂದು ಪ್ರಕಟಿಸಲು ಹೊರಟ ಸುಮಾರು 60 ಸಂಪುಟಗಳನ್ನು ಬರೆದವನು ಕೊನ್ರಾಡ್ ಕುಯಾವ್. ಹಿಟ್ಲರನ ಕೈಬರಹವನ್ನು ಅನುಕರಿಸಿದ್ದರಿಂದ ಸಂಪುಟಗಳು ಫೋರ್ಜ್ ಆದವು. ಹಿಟ್ಲರ್ ಎಂದೂ ಬರೆಯದ ದಿನನಿತ್ಯದ ಟಿಪ್ಪಣಿಗಳನ್ನು ಕಲ್ಪಿಸಿದ್ದರಿಂದ ಒಳಗಿನ ವಿಷಯ ಫ್ಯಾಬ್ರಿಕೇಟ್ ಆದದ್ದು. ಆಗಲೇ ಅಚ್ಚಾಗಿದ್ದ ಭಾಷಣಗಳ ಸಂಕಲನವೊಂದರಿಂದ ಎತ್ತಿಕೊಂಡ ಭಾಗಗಳು ಮಾತ್ರ ಈ ಎರಡನೆಯ ಪದಕ್ಕೆ ಸಲ್ಲುವುದಿಲ್ಲ, ಅವು ಕದ್ದವು. ಕಾಗದದಲ್ಲಿ ಯುದ್ಧಾನಂತರದ ಕಾಲದ ರಾಸಾಯನಿಕ ಸಿಕ್ಕಿದ್ದರಿಂದ ಪ್ರಕರಣ ಬೇಗನೆ ಮುಗಿಯಿತು. ಇಲ್ಲಿಯೇ ಇನ್ನೊಂದು ಮಾತನ್ನು ಹೇಳಿಬಿಡಬಹುದು: ಪ್ಲೇಜಿಯರೈಸ್ ಮಾಡುವವನು ಬೇರೆಯವರ ಕೃತಿಗೆ ತನ್ನ ಹೆಸರು ಹಾಕುತ್ತಾನೆ, ಫೋರ್ಜ್ ಮಾಡುವವನು ತನ್ನ ಕೃತಿಗೆ ಬೇರೆಯವರ ಹೆಸರು ಹಾಕುತ್ತಾನೆ.

‘ಕೌಂಟರ್‌ಫಿಟ್’ ಎಂಬುದು ಬರವಣಿಗೆಯಲ್ಲಿ ನೋಡಿದರೆ ‘ಫೀಟ್’ ಎಂದು ಓದಬೇಕೆನಿಸುತ್ತದೆ, ಉಚ್ಚಾರಣೆ ‘ಫಿಟ್’. ಇದಕ್ಕೆ ಎದುರಿಗೊಂದು ಅಸಲಿ ಇರಲೇಬೇಕು. ಅದರ ಪಡಿಯಚ್ಚನ್ನು ತೆಗೆದು, ಸಾಮಾನ್ಯವಾಗಿ ಬಹುಸಂಖ್ಯೆಯಲ್ಲಿ, ಚಲಾವಣೆಗೆ ಬಿಡುವುದು ಇದರ ಅರ್ಥ. ನೋಟು, ನಾಣ್ಯ, ಔಷಧ, ಕೈಗಡಿಯಾರ, ಕಂಪನಿಗಳ ಮುದ್ರೆಯುಳ್ಳ ಸರಕು ಇದರ ಕರ್ಮಪದಗಳು. ಬ್ರಿಟನ್ನಿನ 1981ರ ಕಾಯ್ದೆಯ ಹೆಸರೇ ‘ಫೋರ್ಜರಿ ಆಂಡ್ ಕೌಂಟರ್‌ಫಿಟಿಂಗ್ ಆಕ್ಟ್’. ದಾಖಲೆಗಳಿಗೆ ಒಂದು ಭಾಗ, ನೋಟು ನಾಣ್ಯಗಳಿಗೆ ಇನ್ನೊಂದು. ಫೋರ್ಜ್ ಮಾಡಲು ಅಸಲಿ ಪ್ರತಿ ಇರಲೇಬೇಕೆಂದಿಲ್ಲ. ಡಚ್ ಚಿತ್ರಕಾರ ಹಾನ್ ಫಾನ್ ಮೇಗೆರೆನ್ 17ನೇ ಶತಮಾನದ ಪ್ರಸಿದ್ಧ ಚಿತ್ರಕಾರ ವರ್ಮೀರನ ಯಾವ ಚಿತ್ರವನ್ನೂ ನಕಲು ಮಾಡಿ ಮಾರಲಿಲ್ಲ. ವರ್ಮೀರ್ ಬರೆಯದೇ ಇದ್ದ ಹೊಸ ಚಿತ್ರಗಳನ್ನು ತಾನು ಬರೆದು ವರ್ಮೀರನವೆಂದು ಮಾರಿದ. ಅವುಗಳಲ್ಲಿ ಒಂದು ನಾಜಿ ನಾಯಕ ಗೋರಿಂಗ್‌ನ ಕೈ ಸೇರಿತ್ತು. ರಾಷ್ಟ್ರದ ಆಸ್ತಿಯನ್ನು ಶತ್ರುವಿಗೆ ಮಾರಿದನೆಂಬ ಆರೋಪದ ಮೇಲೆ 1945ರಲ್ಲಿ ಬಂಧಿತನಾದಾಗ ಆತ ಚಿತ್ರ ತನ್ನದೇ ಎಂದು ಒಪ್ಪಿಕೊಂಡು, ಸಾಕ್ಷಿಗಳ ಕಣ್ಣೆದುರೇ ಅದೇ ಶೈಲಿಯ ಇನ್ನೊಂದು ಚಿತ್ರ ಬರೆದು ತೋರಿಸಬೇಕಾಯಿತು. ಇಂಥ ಚಿತ್ರಗಳಿಗೆ ‘ಫೋರ್ಜ್’ ಸರಿ, ‘ಕೌಂಟರ್‌ಫಿಟ್’ ಒಗ್ಗುವುದಿಲ್ಲ.

‘ಫೇಕ್’ ಈ ಎರಡರ ಬದಲಿಗೂ ನಿಲ್ಲಬಲ್ಲದು, ಫ್ಯಾಬ್ರಿಕೇಟ್‌ನ ಬದಲಿಗೂ ನಿಲ್ಲಬಲ್ಲದು. ಕನ್ನಡದ ‘ನಕಲಿ’ಯಂತೆ ಅದು ಎಲ್ಲಕ್ಕೂ ಸಲ್ಲುತ್ತದೆ, ಆದ್ದರಿಂದಲೇ ಯಾವುದನ್ನೂ ಖಚಿತವಾಗಿ ಹೇಳುವುದಿಲ್ಲ. ಮಾತಿನಲ್ಲಿ, ಶೀರ್ಷಿಕೆಯಲ್ಲಿ ಬಳಸಲು ಅಡ್ಡಿಯಿಲ್ಲ; ವರದಿಯಲ್ಲಿ, ದೂರಿನಲ್ಲಿ ನಾನು ಬಳಸುವುದಿಲ್ಲ.

‘ಮೇಕ್ ಅಪ್’ ಮತ್ತು ‘ಇನ್ವೆಂಟ್’

ದಿನಬಳಕೆಯ ಇಂಗ್ಲಿಷಿನಲ್ಲಿ ಕಥೆ ಕಟ್ಟುವುದಕ್ಕೆ ಮೊದಲು ಬಾಯಿಗೆ ಬರುವುದು ‘ಮೇಕ್ ಅಪ್’. ತಾಯಿ ಮಗುವಿಗೆ ಮಲಗುವ ಹೊತ್ತಿನಲ್ಲಿ ಹೊಸ ಕಥೆ ಕಟ್ಟಿ ಹೇಳಿದರೂ ಇದೇ, ತಡವಾಗಿ ಬಂದವನು ಕಾರಣ ಕಟ್ಟಿ ಹೇಳಿದರೂ ಇದೇ. ಕನ್ನಡದ ‘ಕಟ್ಟು’ವಿನಂತೆ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಸಮನಾಗಿ ಒದಗುವ ಪದವಿದು, ಮತ್ತು ಅನುವಾದದಲ್ಲಿ ‘ಕಟ್ಟು’ ಕಂಡಲ್ಲೆಲ್ಲ ಮೊದಲು ಇದನ್ನೇ ಪರೀಕ್ಷಿಸುವುದು ಲೇಸು. ತೊಡಕಿರುವುದು ಅದರ ವ್ಯಾಕರಣದಲ್ಲಿ. ಕರ್ಮ ಸರ್ವನಾಮವಾದಾಗ ಅದು ಎರಡು ತುಂಡುಗಳ ನಡುವೆಯೇ ಬರಬೇಕು: ‘ಶಿ ಮೇಡ್ ಇಟ್ ಅಪ್’ ಸರಿ, ‘ಶಿ ಮೇಡ್ ಅಪ್ ಇಟ್’ ತಪ್ಪು. ‘ಆಫ್’ ಸೇರಿದರೆ ಅರ್ಥವೇ ಬೇರೆ: ‘ದ ಸ್ಟೋರಿ ಈಸ್ ಮೇಡ್ ಅಪ್’ ಎಂದರೆ ಕಥೆ ಕಟ್ಟಿದ್ದು, ‘ದ ಸ್ಟೋರಿ ಈಸ್ ಮೇಡ್ ಅಪ್ ಆಫ್ ತ್ರೀ ಪಾರ್ಟ್ಸ್’ ಎಂದರೆ ಕಥೆಯಲ್ಲಿ ಮೂರು ಭಾಗಗಳಿವೆ. ರಾಜಿ ಮಾಡಿಕೊಳ್ಳುವುದು, ನಷ್ಟ ತುಂಬಿಕೊಡುವುದು, ಮನಸ್ಸು ಗಟ್ಟಿ ಮಾಡುವುದು ಎಂಬ ಅರ್ಥಗಳೂ ಇದೇ ಎರಡು ಪದಗಳಿಗಿರುವುದರಿಂದ ಗಂಭೀರ ಬರಹದಲ್ಲಿ ಸಂದಿಗ್ಧಕ್ಕೆ ಎಡೆಯಾಗದಂತೆ ನೋಡಿಕೊಳ್ಳಬೇಕು.

‘ಇನ್ವೆಂಟ್’ ಲ್ಯಾಟಿನ್ನಿನಲ್ಲಿ ‘ಎದುರಾಗು, ಕಂಡುಕೊಳ್ಳು’ ಎಂಬ ಅರ್ಥದ ಕ್ರಿಯಾಪದ. ಯಂತ್ರವನ್ನು ಆವಿಷ್ಕರಿಸುವುದು ಅದರ ಪ್ರಸಿದ್ಧ ಅರ್ಥ. ನೆಪ, ಕಾರಣ, ಕಾಯಿಲೆ, ನೆಂಟ ಎಂಬ ಕರ್ಮಪದಗಳ ಜೊತೆ ಬಂದಾಗ ಇಲ್ಲದ್ದನ್ನು ಹುಟ್ಟಿಸುವುದು ಎಂದಾಗುತ್ತದೆ. ಮೇಕ್ ಅಪ್‌ಗಿಂತ ಬರಹದ ಗತ್ತು ಹೆಚ್ಚು, ಫ್ಯಾಬ್ರಿಕೇಟ್‌ಗಿಂತ ಆಪಾದನೆಯ ಭಾರ ಕಡಿಮೆ. ಜಾನೆಟ್ ಕುಕ್ ಎಂಬ ಪತ್ರಕರ್ತೆ 1980ರಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯಲ್ಲಿ ಹೆರಾಯಿನ್ ಚಟಕ್ಕೆ ಬಿದ್ದ ಎಂಟು ವರ್ಷದ ಹುಡುಗನ ಬಗ್ಗೆ ಬರೆದ ವರದಿಗೆ 1981ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು, ಅಂಥ ಹುಡುಗ ಇರಲೇ ಇಲ್ಲವೆಂದು ತಿಳಿದಾಗ ಹಿಂದಿರುಗಿಸಲಾಯಿತು. ಈ ಪ್ರಕರಣವನ್ನು ಬರೆಯುವಾಗ ಹುಡುಗನಿಗೆ ‘ಇನ್ವೆಂಟ್’, ವರದಿಗೆ ‘ಫ್ಯಾಬ್ರಿಕೇಟ್’ ಎಂದು ಹಂಚುವುದು ನನಗೆ ಸರಿಯೆನಿಸುತ್ತದೆ. ಹುಡುಗ ಒಂದು ಪಾತ್ರ, ಅವನನ್ನು ಹುಟ್ಟಿಸಬಹುದು. ವರದಿಯಾದರೋ ಉದ್ಧರಣೆ, ವಿವರ, ದೃಶ್ಯಗಳನ್ನು ಒಂದರ ಮೇಲೊಂದು ಜೋಡಿಸಿ ನಿಜವೆಂದು ನಿಲ್ಲಿಸಿದ ಕಟ್ಟಡ.

ಸುಳ್ಳು ಹೇಳುವುದು ಎಂಬ ‘ಲೈ’ ಈ ಯಾವುದರ ಬದಲಿಗೂ ಬರುವುದಿಲ್ಲ. ‘ನೀನು ಹೋಗಿದ್ದೆಯಾ?’ ಎಂದು ಕೇಳಿದಾಗ ಹೋಗಿಬಂದವನು ‘ಇಲ್ಲ’ ಎಂದರೆ ಅದು ಸುಳ್ಳು, ಆದರೆ ಆತ ಏನನ್ನೂ ಕಟ್ಟಿಲ್ಲ. ‘ಇಲ್ಲ, ಆ ಹೊತ್ತಿಗೆ ನಾನು ಸ್ನೇಹಿತನ ಮನೆಯಲ್ಲಿ ಊಟ ಮಾಡುತ್ತಿದ್ದೆ’ ಎಂದಾಗ ಮಾತ್ರ ಕಟ್ಟುವ ಕೆಲಸ ಆರಂಭವಾಗುತ್ತದೆ. ಇನ್ನು ‘ಥಿಂಕ್ ಅಪ್’, ‘ಡ್ರೀಮ್ ಅಪ್’, ‘ಕಮ್ ಅಪ್ ವಿತ್’ ಎಂಬವು ಉಪಾಯ ಹೊಳೆಯುವುದನ್ನಷ್ಟೇ ಹೇಳುತ್ತವೆ, ‘ಕಾಯ್ನ್’ ಎಂಬುದು ಹೊಸ ಪದವನ್ನು ಟಂಕಿಸುವುದನ್ನು ಹೇಳುತ್ತದೆ. ಇವುಗಳಲ್ಲಿ ಮೋಸದ ಆಪಾದನೆಯಿಲ್ಲ.

ಒಲೆಯ ಮೇಲಿನಿಂದ ಬಂದವು

‘ಕನ್‌ಕಾಕ್ಟ್’ ಮತ್ತು ‘ಕುಕ್ ಅಪ್’ ಎರಡರ ಬೇರೂ ಅಡುಗೆಯಲ್ಲಿದೆ. ಮೊದಲನೆಯದರ ಲ್ಯಾಟಿನ್ ಮೂಲಕ್ಕೆ ‘ಒಟ್ಟಿಗೆ ಬೇಯಿಸು’ ಎಂದೇ ಅರ್ಥ. ಹಲವು ಸಾಮಗ್ರಿಗಳನ್ನು ಬೆರೆಸಿದ ಛಾಯೆ ಎರಡರಲ್ಲೂ ಇದೆ. ಒಂದೇ ಸಾಲಿನ ನೆಪಕ್ಕೆ ‘ಇನ್ವೆಂಟ್’ ಸಾಕು. ಪ್ರಯಾಣದ ಟಿಕೆಟ್, ಆಸ್ಪತ್ರೆ, ಕೆಟ್ಟುಹೋದ ಫೋನು, ನೆರೆಮನೆಯವರ ಸಾಕ್ಷಿ ಎಲ್ಲವನ್ನೂ ಸೇರಿಸಿ ಹೊಸೆದ ವಿವರಣೆಗೆ ‘ಕನ್‌ಕಾಕ್ಟ್’ ಒಪ್ಪುತ್ತದೆ. ಅದರಲ್ಲಿ ಒಂದಿಷ್ಟು ತಿರಸ್ಕಾರವೂ ಇದೆ, ಈ ಮಿಶ್ರಣ ನಂಬಲು ಕಷ್ಟ ಎಂಬ ಧ್ವನಿ. ‘ಕುಕ್ ಅಪ್’ ಅದರ ಮಾತಿನ ರೂಪ. ‘ಕುಕ್ ದ ಬುಕ್ಸ್’ ಎಂಬ ನುಡಿಗಟ್ಟು ಮಾತ್ರ ಬೇರೆ ಮನೆಗೆ ಸೇರಿದ್ದು: ಲೆಕ್ಕಪತ್ರ ಇದ್ದೇ ಇದೆ, ಅದನ್ನು ತಿದ್ದಲಾಗಿದೆ, ಆದ್ದರಿಂದ ಅರ್ಥದಲ್ಲಿ ಅದು ‘ಫಾಲ್ಸಿಫೈ’ಗೆ ಹತ್ತಿರ.

‘ಟ್ರಂಪ್ ಅಪ್’ ಕ್ರಿಯಾಪದವಾಗಿ ಈಗ ಅಪರೂಪ. ‘ಟ್ರಂಪ್ಡ್ ಅಪ್ ಚಾರ್ಜಸ್’ ಎಂಬ ಜೋಡಿಯಲ್ಲಿ, ಅಂದರೆ ಒಬ್ಬರನ್ನು ಸಿಕ್ಕಿಸಲು ಜಡಿದ ಸುಳ್ಳು ಕೇಸುಗಳ ವಿಷಯದಲ್ಲಿ, ಅದು ಉಳಿದುಕೊಂಡಿದೆ. ಹೆಚ್ಚಾಗಿ ಅಧಿಕಾರವುಳ್ಳವರು ಅಧಿಕಾರವಿಲ್ಲದವರ ಮೇಲೆ ಹೂಡಿದ್ದಕ್ಕೆ. ‘ಕಂಟ್ರೈವ್’ ಎರಡು ಬಗೆಯಲ್ಲಿ ಬರುತ್ತದೆ. ‘ಕಂಟ್ರೈವ್ ಟು’ ಎಂದರೆ ಹೇಗೋ ಸಾಧಿಸಿಕೊಂಡ ಎಂದು. ‘ಕಂಟ್ರೈವ್ಡ್’ ಎಂಬ ವಿಶೇಷಣ ಕಥೆಗೋ ನಗುವಿಗೋ ಅಂಟಿದರೆ ಸಹಜವಾಗಿ ಬರಲಿಲ್ಲ, ಎಳೆದು ತಂದದ್ದು ಎಂದು. ಅದು ವಿಮರ್ಶೆ, ವಂಚನೆಯ ಆರೋಪವಲ್ಲ.

ಸೋಗಿನ ಪದಗಳು

‘ಫೇನ್’ ಎಂಬುದರ ಮಧ್ಯದಲ್ಲಿರುವ ‘ಜಿ’ ಅಕ್ಷರ ಉಚ್ಚಾರಣೆಯಲ್ಲಿ ಇಲ್ಲ. ಇದರ ಲ್ಯಾಟಿನ್ ಮೂಲದ ಅರ್ಥ ‘ಮಣ್ಣಿಗೆ ರೂಪ ಕೊಡುವಂತೆ ರೂಪಿಸು’. ‘ಫಿಕ್ಷನ್’ ಮತ್ತು ‘ಫಿಗ್ಮೆಂಟ್’ ಎಂಬ ಪದಗಳೂ ಅಲ್ಲಿಂದಲೇ ಬಂದವು. ಇಂದು ಇದರ ಕರ್ಮ ಒಂದು ಮನಃಸ್ಥಿತಿಯೋ ದೇಹಸ್ಥಿತಿಯೋ ಆಗಿರಬೇಕು: ನಿದ್ದೆ, ಆಶ್ಚರ್ಯ, ಅಜ್ಞಾನ, ಕಾಯಿಲೆ. ರಸೀದಿಯನ್ನು ಫೇನ್ ಮಾಡಲಾಗದು, ನಿದ್ದೆಯನ್ನು ಫೋರ್ಜ್ ಮಾಡಲಾಗದು. ‘ಪ್ರಿಟೆಂಡ್’ ಇದರ ದಿನಬಳಕೆಯ ರೂಪ, ಅದರ ಹಿಂದೆ ಒಂದು ಪೂರ್ಣ ಉಪವಾಕ್ಯವೇ ಬರಬಹುದು. ಕೆಲಸ ತಪ್ಪಿಸಿಕೊಳ್ಳಲು ಕಾಯಿಲೆಯ ಸೋಗು ಹಾಕುವುದಕ್ಕೆ ‘ಮ್ಯಾಲಿಂಗರ್’ ಎಂಬ ಪ್ರತ್ಯೇಕ ಪದವಿದೆ. ಅದು ವೈದ್ಯರ ಬಾಯಲ್ಲಿ ಬಂದಾಗ ಭಾರವಾದ ತೀರ್ಮಾನ, ಆದ್ದರಿಂದ ಬೇರೆಯವರು ಅದನ್ನು ಹಗುರವಾಗಿ ಬಳಸಬಾರದು.

ಸಂಶೋಧನೆ ಮಾಡುವವರು ‘ಸಿಮ್ಯುಲೇಟ್’ ಎಂಬುದನ್ನು ಇವುಗಳಿಂದ ಬೇರೆಯಾಗಿಡಬೇಕು. ಗಣಿತದ ಮಾದರಿಯಿಂದ ಹುಟ್ಟಿಸಿದ ಅಂಕಿಗಳನ್ನು ‘ಸಿಮ್ಯುಲೇಟೆಡ್’ ಎಂದು ಹೇಳಿಯೇ ಕೊಟ್ಟರೆ ಅದು ಶುದ್ಧ ವಿಧಾನ. ಅದೇ ಅಂಕಿಗಳನ್ನು ಅಳೆದು ಪಡೆದದ್ದೆಂದು ಕೊಟ್ಟ ಕ್ಷಣ ಅವು ಫ್ಯಾಬ್ರಿಕೇಟೆಡ್ ಆಗುತ್ತವೆ. ಅಂಕಿಗಳಲ್ಲಿ ಒಂದೂ ಬದಲಾಗಿರುವುದಿಲ್ಲ, ಮೇಲಿನ ಚೀಟಿ ಮಾತ್ರ ಬದಲಾಗಿರುತ್ತದೆ.

ತಿರುಳು ನಿಜವಾಗಿದ್ದಾಗ

ನಡೆದದ್ದಕ್ಕೆ ಬಣ್ಣ ಕಟ್ಟುವುದು, ಉಪ್ಪುಖಾರ ಹಚ್ಚುವುದು, ರೆಕ್ಕೆಪುಕ್ಕ ಸೇರಿಸುವುದು ‘ಎಂಬೆಲಿಷ್’ ಅಥವಾ ‘ಎಂಬ್ರಾಯ್ಡರ್’. ಇವುಗಳನ್ನು ಬಳಸಿದರೆ ಘಟನೆ ನಡೆದದ್ದು ನಿಜವೆಂದು ನೀವು ಒಪ್ಪಿಕೊಂಡಂತೆ. ಘಟನೆಯೇ ಸುಳ್ಳೆಂದು ವಾದಿಸುವವರು ಇವುಗಳ ಹತ್ತಿರ ಹೋಗಬಾರದು. ‘ಫಡ್ಜ್’ ಮತ್ತು ‘ಮಸಾಜ್’ ಅಂಕಿಗಳನ್ನು ಅನುಕೂಲಕ್ಕೆ ತಕ್ಕಂತೆ ಅತ್ತಿತ್ತ ಸರಿಸುವುದಕ್ಕೆ ಬರುವ ಮೆದು ಪದಗಳು. ಗಂಭೀರ ತಪ್ಪಿಗೆ ಇವನ್ನು ಬಳಸಿದರೆ ತಪ್ಪನ್ನು ಮುಚ್ಚಿದಂತಾಗುತ್ತದೆ, ಅದೂ ಒಂದು ಬಗೆಯ ಅಪ್ರಾಮಾಣಿಕತೆ. ‘ಡಾಕ್ಟರ್’ ಎಂಬುದು ಕ್ರಿಯಾಪದವಾದಾಗ ಫೋಟೊ, ಧ್ವನಿಮುದ್ರಣ, ದಾಖಲೆಗಳನ್ನು ಗುಟ್ಟಾಗಿ ಬದಲಿಸುವುದು ಎಂದರ್ಥ, ಮತ್ತು ಬರಿಯ ತಿದ್ದುವಿಕೆಗಿಂತ ಅದರಲ್ಲಿ ಕೈಚಳಕ ಹೆಚ್ಚು. ಇಂಗ್ಲೆಂಡಿನಲ್ಲಿ 1912ರಲ್ಲಿ ಆದಿಮಾನವನದ್ದೆಂದು ಘೋಷಿಸಿ 1953ರಲ್ಲಿ ಮೋಸವೆಂದು ಸಾಬೀತಾದ ‘ಪಿಲ್ಟ್‌ಡೌನ್’ ಅವಶೇಷಗಳಿಗೆ ಈ ಪದ ಚೆನ್ನಾಗಿ ಒಗ್ಗುತ್ತದೆ: ಮನುಷ್ಯನ ತಲೆಬುರುಡೆಯೂ ಒರಾಂಗುಟಾನಿನ ದವಡೆಯೂ ತಮ್ಮಷ್ಟಕ್ಕೆ ನಿಜವಾದ ಮೂಳೆಗಳೇ, ಹಲ್ಲುಗಳನ್ನು ಅರದಿಂದ ಉಜ್ಜಿ, ಮೂಳೆಗಳಿಗೆ ಬಣ್ಣ ಕೊಟ್ಟು ಅವನ್ನು ಒಂದೇ ಜೀವಿಯದ್ದೆಂದು ತೋರಿಸಲಾಗಿತ್ತು.

ವಂಚಿಸುವ ಮನಸ್ಸಿಲ್ಲದಾಗ

‘ಕನ್‌ಫ್ಯಾಬ್ಯುಲೇಟ್’ ಎಂಬುದನ್ನು ಫ್ಯಾಬ್ರಿಕೇಟ್‌ನ ಇನ್ನಷ್ಟು ಘನವಾದ ರೂಪವೆಂದು ತಿಳಿದು ಬಳಸುವವರಿದ್ದಾರೆ. ಇದು ನಿಜಕ್ಕೂ ನೋವುಂಟುಮಾಡಬಲ್ಲ ತಪ್ಪು. ಇದರ ಮೂಲ ಬೇರೆ, ಕಥೆ ಎಂಬ ಅರ್ಥದ ‘ಫಾಬುಲಾ’. ಒಟ್ಟಿಗೆ ಕುಳಿತು ಹರಟುವುದು ಹಳೆಯ ಅರ್ಥ. ಮನೋವೈದ್ಯಕೀಯದಲ್ಲಿ, ನೆನಪಿನಲ್ಲಿ ಉಂಟಾದ ಬಿರುಕನ್ನು ರೋಗಿಯ ಮಿದುಳು ತಾನೇ ಕಲ್ಪಿತ ವಿವರಗಳಿಂದ ತುಂಬುವುದು ಎಂದರ್ಥ. ರಷ್ಯಾದ ಸೆರ್ಗೆಯ್ ಕೊರ್ಸಾಕೊವ್ 1880ರ ದಶಕದ ಕೊನೆಯಲ್ಲಿ ವಿವರಿಸಿದ, ಥಯಾಮಿನ್ ಎಂಬ ಬಿ1 ಜೀವಸತ್ವದ ತೀವ್ರ ಕೊರತೆಗೂ ಬಹುಕಾಲದ ಕುಡಿತಕ್ಕೂ ನಂಟಿರುವ ಕಾಯಿಲೆಯಲ್ಲಿ ಇದು ಎದ್ದು ಕಾಣುತ್ತದೆ. ವಾರಗಳಿಂದ ಹಾಸಿಗೆ ಬಿಟ್ಟೇಳದ ರೋಗಿಯನ್ನು ಬೆಳಿಗ್ಗೆ ಏನು ಮಾಡಿದಿರಿ ಎಂದು ಕೇಳಿದರೆ, ಪೇಟೆಗೆ ಹೋಗಿ ಬಂದೆ ಎಂದು ವಿವರ ವಿವರವಾಗಿ ಹೇಳಬಹುದು, ಮತ್ತು ಹಾಗೆ ಹೇಳುವಾಗ ತನ್ನ ಮಾತನ್ನು ತಾನು ಪೂರ್ತಿ ನಂಬಿರುತ್ತಾರೆ. ಅವರ ವಿಷಯದಲ್ಲಿ ‘ಫ್ಯಾಬ್ರಿಕೇಟ್’ ಎಂದು ಬರೆದರೆ ಕಾಯಿಲೆಯನ್ನು ಕಳ್ಳತನವೆಂದು ಕರೆದಂತೆ.

‘ಹ್ಯಾಲ್ಯೂಸಿನೇಟ್’ ಮೂಲತಃ ಇಲ್ಲದ್ದನ್ನು ಕಾಣುವ, ಕೇಳುವ ಅನುಭವ. ಭಾಷಾ ಮಾದರಿಗಳು ಇಲ್ಲದ ಸಂಗತಿಯನ್ನು ಇದ್ದಂತೆ ಬರೆಯುವುದಕ್ಕೂ ಆ ಹೆಸರು ಬಂದಿದೆ. ಕೇಂಬ್ರಿಜ್ ನಿಘಂಟು 2023ರ ವರ್ಷದ ಪದವಾಗಿ ಆರಿಸಿದ್ದು ಇದನ್ನೇ. ಯಂತ್ರಕ್ಕೆ ಕಾಣುವ ಕಣ್ಣೇ ಇಲ್ಲದ್ದರಿಂದ, ಬಿರುಕನ್ನು ಸಂಭವನೀಯ ಮಾತುಗಳಿಂದ ತುಂಬುವ ಈ ಕೆಲಸಕ್ಕೆ ‘ಕನ್‌ಫ್ಯಾಬ್ಯುಲೇಟ್’ ಹೆಚ್ಚು ಸರಿಹೊಂದುತ್ತದೆ ಎಂಬ ಅಭಿಪ್ರಾಯವಿದೆ, ನನಗೂ ಹಾಗೆಯೇ ಅನಿಸುತ್ತದೆ. ಆದರೆ ರೂಢಿ ಈಗಾಗಲೇ ಮೊದಲ ಪದವನ್ನು ಗೆಲ್ಲಿಸಿದೆ. ಯಂತ್ರದ ಮೇಲೆ ‘ಫ್ಯಾಬ್ರಿಕೇಟ್’ ಎಂಬುದನ್ನು ಹೇರುವಾಗ ಅದಕ್ಕೊಂದು ಉದ್ದೇಶವನ್ನೂ ಹೇರಿದಂತಾಗುತ್ತದೆ ಎಂಬುದನ್ನು ನೆನಪಿಡಬೇಕು. ನ್ಯೂಯಾರ್ಕಿನ ನ್ಯಾಯಾಲಯವೊಂದು 2023ರ ಜೂನ್‌ನಲ್ಲಿ, ಚಾಟ್‌ಜಿಪಿಟಿ ಕೊಟ್ಟ ಅಸ್ತಿತ್ವದಲ್ಲಿಲ್ಲದ ತೀರ್ಪುಗಳನ್ನು ತಮ್ಮ ಅರ್ಜಿಯಲ್ಲಿ ಉಲ್ಲೇಖಿಸಿದ ವಕೀಲರಿಗೆ 5,000 ಡಾಲರ್ ದಂಡ ವಿಧಿಸಿತು. ಆ ಪ್ರಕರಣವನ್ನು ಒಂದು ವಾಕ್ಯದಲ್ಲಿ ಹೇಳಬೇಕಾದರೆ ತೀರ್ಪುಗಳನ್ನು ಹ್ಯಾಲ್ಯೂಸಿನೇಟ್ ಮಾಡಿದ್ದು ಯಂತ್ರ, ಪರಿಶೀಲಿಸದೆ ನ್ಯಾಯಾಲಯದ ಮುಂದಿಟ್ಟದ್ದು ವಕೀಲರು ಎಂದು ಎರಡು ಕ್ರಿಯಾಪದಗಳನ್ನು ಇಬ್ಬರಿಗೆ ಹಂಚಲೇಬೇಕು. ಒಂದೇ ಕ್ರಿಯಾಪದದಲ್ಲಿ ಮುಗಿಸಿದರೆ ಒಬ್ಬರ ಪಾಲು ಇನ್ನೊಬ್ಬರ ಲೆಕ್ಕಕ್ಕೆ ಬೀಳುತ್ತದೆ.

ಉದ್ದೇಶ ಗೊತ್ತಿಲ್ಲದೆ ಪದ ಆರಿಸಬೇಕಾದ ಸಂದರ್ಭವೇ ಹೆಚ್ಚು. ಆಗ ನಾನು ಮಾಡುವವನನ್ನು ಬಿಟ್ಟು ವಸ್ತುವನ್ನು ವರ್ಣಿಸುತ್ತೇನೆ: ‘ರಸೀದಿಯಲ್ಲಿರುವ ಮೊತ್ತ ಅಸಲಿ ಪ್ರತಿಯೊಂದಿಗೆ ತಾಳೆಯಾಗುವುದಿಲ್ಲ’, ‘ಉಲ್ಲೇಖಿಸಿದ ಲೇಖನ ಪತ್ತೆಯಾಗಿಲ್ಲ’. ಅಲ್ಲಿಗೂ ವಿಶೇಷಣವೊಂದು ಬೇಕೇಬೇಕೆಂದಾದರೆ ‘ಫಿಕ್ಷನಲ್’ ಮತ್ತು ‘ಫಿಕ್ಟಿಶಸ್’ ಎಂಬ ಎರಡು ಎದುರಿಗೆ ನಿಲ್ಲುತ್ತವೆ. ಕಾದಂಬರಿಯ ಪಾತ್ರಕ್ಕೆ ಮೊದಲನೆಯದು ಸಲ್ಲುತ್ತದೆ, ಏಕೆಂದರೆ ಅದು ಕಲ್ಪಿತವೆಂದು ಓದುಗನಿಗೆ ಮೊದಲೇ ಗೊತ್ತು. ಬ್ಯಾಂಕ್ ಖಾತೆಗೆ ಕೊಟ್ಟ ಸುಳ್ಳು ವಿಳಾಸಕ್ಕೆ, ಆ ಮೂರು ರಸೀದಿಗಳ ಮೇಲಿದ್ದ ಮಾರಾಟಗಾರನ ಹೆಸರಿಗೆ ಎರಡನೆಯದು ಸಲ್ಲುತ್ತದೆ.